ಎರೆ ಹೊಲದಲ್ಲಿ ಎಚ್‌ಪಿ ಲೆಕ್ಕ

ವಿಜಯಪುರ ಜಿಲ್ಲೆಯ ಮಮದಾಪುರದಂಥ ಎರೆ ಸೀಮೆಯಲ್ಲಿ ಮಳೆ ಬಿದ್ದ ಮೇಲೆ ಟ್ರ್ಯಾಕ್ಟರಿನ ಹಿಂದಿನ ಗಾಲಿ ನಿಂತಲ್ಲೇ ಸುತ್ತತೊಡಗಿದರೆ, ಬದುವಿನ ಮೇಲೆ ನಿಂತವರ ತೀರ್ಪು ಎರಡರಲ್ಲಿ ಒಂದಾಗಿರುತ್ತದೆ. ‘ಗಾಡಿಗೆ ದಮ್ಮಿಲ್ಲ, ದೊಡ್ಡ ಎಚ್‌ಪಿದು ತರಬೇಕಿತ್ತು’ ಎನ್ನುವುದು ಒಂದು. ‘ಕ್ಲಚ್ ಝಟಕ್ಕನ ಬಿಡೋ ತಮ್ಮಾ, ಒಮ್ಮೆಲೇ ಹೊರಗ ಬರತೈತಿ’ ಎನ್ನುವುದು ಇನ್ನೊಂದು. ಅದೇ ಜನ ಮೊಬೈಲಿನಲ್ಲಿ ಐನೂರು ಎಚ್‌ಪಿಯ ಸ್ಪೋರ್ಟ್ಸ್ ಕಾರೊಂದು ಹಿಂಗಾಲಿಯಿಂದ ಬಿಳಿ ಹೊಗೆ ಎಬ್ಬಿಸುತ್ತ ನಿಂತದ್ದನ್ನು ನೋಡಿದಾಗ ‘ಏನ್ ಎಂಜಿನ್ ಮಾರಾಯಾ!’ ಎಂದು ಬೆರಗಾಗುತ್ತಾರೆ. ಗಾಲಿ ಸುತ್ತುವುದು ಹೊಲದಲ್ಲಿ ಎಂಜಿನ್ನಿನ ದೌರ್ಬಲ್ಯಕ್ಕೆ ಸಾಕ್ಷಿ, ಡಾಂಬರಿನ ಮೇಲೆ ಅದರ ಬಲಕ್ಕೆ ಸಾಕ್ಷಿ. ಒಂದೇ ಘಟನೆಗೆ ಹೀಗೆ ಎರಡು ವಿರುದ್ಧ ಅರ್ಥ ಹಚ್ಚಿದರೂ ಯಾರಿಗೂ ಅಡ್ಡಿಯೆನಿಸುವುದಿಲ್ಲವಾದರೆ, ಎರಡರ ಹಿಂದೆಯೂ ಇರುವ ನಂಬಿಕೆಯನ್ನೇ ಬಿಚ್ಚಿ ನೋಡಬೇಕಾಗುತ್ತದೆ.

ಆ ನಂಬಿಕೆ ಇಷ್ಟು: ಗಾಡಿಯನ್ನು ಜಗ್ಗುವುದು ಎಂಜಿನ್, ಎಚ್‌ಪಿ ಹೆಚ್ಚಿದಷ್ಟೂ ಜಗ್ಗು ಹೆಚ್ಚು, ಕ್ಲಚ್ಚನ್ನು ಹೇಗೆ ಬಿಡುತ್ತೇವೆ ಎಂಬುದರ ಮೇಲೆ ಆ ಶಕ್ತಿ ಇನ್ನಷ್ಟು ಕೂಡುತ್ತದೆ ಅಥವಾ ಕಳೆದುಹೋಗುತ್ತದೆ. ಇದನ್ನು ದಡ್ಡತನವೆಂದು ತಳ್ಳಿಹಾಕುವುದು ಅನ್ಯಾಯ. ಇದರ ಹಿಂದೆ ಅನುಭವವಿದೆ. 45 ಎಚ್‌ಪಿ ಟ್ರ್ಯಾಕ್ಟರ್ ಸೋತ ಕಡೆ 60 ಎಚ್‌ಪಿಯದು ಬಂದು ಕಬ್ಬಿನ ಡಬ್ಬಿ ಎಳೆದುಕೊಂಡು ಹೋದದ್ದನ್ನು ಎಲ್ಲರೂ ಕಂಡಿದ್ದಾರೆ. ಕ್ಲಚ್ಚನ್ನು ಝಾಡಿಸಿ ಬಿಟ್ಟಾಗ ಗಾಡಿ ಗಕ್ಕನೆ ಮುಂದೆ ಜಿಗಿದದ್ದೂ ಕಣ್ಣಾರೆ ಕಂಡ ಸಂಗತಿಯೇ. ತೆರಬಂಡಿ ಸ್ಪರ್ಧೆಯಲ್ಲಿ ಕಟ್ಟುಮಸ್ತಾದ ಎತ್ತು ಗೆಲ್ಲುವುದನ್ನು ತಲೆಮಾರುಗಳಿಂದ ನೋಡಿದವರು ಅದೇ ಅಳತೆಗೋಲನ್ನು ಯಂತ್ರಕ್ಕೂ ಹಚ್ಚಿದರೆ ಅಚ್ಚರಿಯಿಲ್ಲ. ಕಂಡದ್ದು ಸುಳ್ಳಲ್ಲ, ಕಂಡದ್ದಕ್ಕೆ ಕೊಟ್ಟ ಕಾರಣ ತಪ್ಪು.

ಎಂಜಿನ್ನಿನಿಂದ ನೆಲದವರೆಗಿನ ದಾರಿಯನ್ನು ಗಮನಿಸಬೇಕು. ಆ ದಾರಿಯಲ್ಲಿ ಗೇರ್, ಶಾಫ್ಟ್, ಆಕ್ಸಲ್ ಎಲ್ಲವೂ ಉಕ್ಕಿಗೆ ಉಕ್ಕು ಕಚ್ಚಿಕೊಂಡ ಗಟ್ಟಿ ಜೋಡಣೆಗಳು. ಅಲ್ಲಿ ಜಾರುವ ಪ್ರಶ್ನೆಯಿಲ್ಲ, ಮುರಿಯುವ ಪ್ರಶ್ನೆ ಮಾತ್ರ ಇದೆ. ಬರೀ ಘರ್ಷಣೆಯ ಹಿಡಿತದ ಮೇಲೆ ನಿಂತ ಜಾಗಗಳು ಎರಡೇ: ಒಂದು ಕ್ಲಚ್ ಪ್ಲೇಟು, ಇನ್ನೊಂದು ಟೈರು ನೆಲಕ್ಕೆ ತಾಗುವ ಅಂಗೈಯಗಲದ ಚೂರು. ಈ ಎರಡೂ ಒಂದರ ಹಿಂದೆ ಒಂದು ಸಾಲಾಗಿವೆ. ಒಂದೇ ಬಲ ಎರಡನ್ನೂ ಹಾದು ಹೋಗಬೇಕು. ಯಾವುದರ ತಾಳಿಕೆ ಕಡಿಮೆಯೋ ಅದು ಮೊದಲು ಜಾರುತ್ತದೆ. ಎಂಜಿನ್ನಿನ ಸದ್ದು ಏರಿ ಗಾಲಿ ಅಲ್ಲಾಡದೆ ಸುಟ್ಟ ವಾಸನೆ ಬಂದರೆ ಜಾರಿದ್ದು ಕ್ಲಚ್. ಗಾಲಿ ಸುತ್ತಿ ಗಾಡಿ ನಿಂತಿದ್ದರೆ ಜಾರಿದ್ದು ಟೈರ್. ಎಂಜಿನ್ ನಿಜವಾಗಿ ಸೋತರೆ ಎರಡೂ ಆಗುವುದಿಲ್ಲ, ಎಂಜಿನ್ ಗುಡುಗುಟ್ಟಿ ಬಂದ್ ಬೀಳುತ್ತದೆ. ಅಂದರೆ ಗಾಲಿ ಸುತ್ತುತ್ತಿದೆ ಎನ್ನುವುದೇ, ಆ ಕ್ಷಣಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಶಕ್ತಿ ಎಂಜಿನ್ನಿನಲ್ಲಿದೆ ಎಂಬುದಕ್ಕೆ ರುಜುವಾತು. ಅಂಥ ಹೊತ್ತಿನಲ್ಲಿ ಇನ್ನೂ ದೊಡ್ಡ ಎಂಜಿನ್ ಬೇಡುವುದು, ತುಂಬಿ ಚೆಲ್ಲುತ್ತಿರುವ ಕೊಡದ ಮೇಲೆ ದೊಡ್ಡ ನಲ್ಲಿ ಕೂಡಿಸಿದ ಹಾಗೆ.

ಲೆಕ್ಕ ಹಾಕಿದರೆ ಇದು ಇನ್ನೂ ಚೊಕ್ಕವಾಗುತ್ತದೆ. 50 ಎಚ್‌ಪಿ ಎಂದರೆ ಸುಮಾರು 37 ಕಿಲೋವ್ಯಾಟ್. ಗೇರುಗಳಲ್ಲಿ, ಪಿಟಿಓದಲ್ಲಿ (ಹಿಂದೆ ಕಟ್ಟಿದ ಉಪಕರಣ ತಿರುಗಿಸುವ ಶಾಫ್ಟ್), ಹೈಡ್ರಾಲಿಕ್ ಪಂಪುಗಳಲ್ಲಿ ಕಳೆದದ್ದು ಬಿಟ್ಟು 30 ಕಿಲೋವ್ಯಾಟ್ ಹಿಂದಿನ ಗಾಲಿಗೆ ತಲುಪಿತೆನ್ನೋಣ. ಗಂಟೆಗೆ 4 ಕಿಲೋಮೀಟರಿನ ವೇಗದಲ್ಲಿ ಆ ಶಕ್ತಿ ಸುಮಾರು 2,700 ಕಿಲೋ ತೂಕದಷ್ಟು ಎಳೆತ ಹುಟ್ಟಿಸಬಲ್ಲದು. ಆದರೆ ಅಂಥ ಟ್ರ್ಯಾಕ್ಟರಿನ ಒಟ್ಟು ತೂಕವೇ 2,200 ಕಿಲೋದ ಆಸುಪಾಸು, ಹಿಂದಿನ ಆಕ್ಸಲ್ ಮೇಲೆ ಕೂರುವುದು 1,400 ಕಿಲೋ. ಹಸಿಯಿರುವ ಉತ್ತ ಹೊಲ ಈ ತೂಕದ ಹತ್ತರಲ್ಲಿ ನಾಲ್ಕು ಪಾಲಿನಷ್ಟು ಎಳೆತವನ್ನು ತಾಳಿಕೊಂಡರೆ ಪುಣ್ಯ. ಹಿಂದಿನ ಎಳೆತದಿಂದ ಮುಂಗಾಲಿಯ ಭಾರ ಸ್ವಲ್ಪ ಹಿಂದಕ್ಕೆ ಸರಿಯುವುದನ್ನು ಸೇರಿಸಿದರೂ ಜಗ್ಗು 600 ಕಿಲೋ ಸುತ್ತಮುತ್ತ ನಿಲ್ಲುತ್ತದೆ. ಎಂಜಿನ್ ಕೊಡಬಲ್ಲದ್ದರ ಕಾಲು ಭಾಗವನ್ನೂ ನೆಲ ತೆಗೆದುಕೊಳ್ಳುವುದಿಲ್ಲ. ಈ 600 ಕಿಲೋ ಎಳೆತಕ್ಕೆ ಆ ವೇಗದಲ್ಲಿ ಬೇಕಾದ ಶಕ್ತಿ 9 ಎಚ್‌ಪಿ. ಗಾಲಿಯ ಜಾರಿಕೆ, ಮಣ್ಣು ಒತ್ತಿಕೊಂಡು ಹೋಗುವ ಶ್ರಮ ಕೂಡಿಸಿದರೂ 15ರ ಆಜುಬಾಜು. ಐವತ್ತರಲ್ಲಿ ಉಳಿದ ಮೂವತ್ತೈದು ಎಚ್‌ಪಿಗೆ ಆ ರಾಡಿಯಲ್ಲಿ ಮಾಡಲು ಕೆಲಸವೇ ಇಲ್ಲ.

ಸ್ಪೋರ್ಟ್ಸ್ ಕಾರಿನ ಲೆಕ್ಕ ಬೇರೆ ಅಂಕಿಗಳಲ್ಲಿ ಇದೇ ಕತೆ ಹೇಳುತ್ತದೆ. 1,500 ಕಿಲೋ ತೂಗುವ, ಅರ್ಧ ಭಾರ ಹಿಂಗಾಲಿಯ ಮೇಲಿರುವ, ಹಿಂಗಾಲಿಗೆ ಮಾತ್ರ ಶಕ್ತಿ ಹೋಗುವ ಕಾರನ್ನು ತೆಗೆದುಕೊಳ್ಳೋಣ. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರು ತನ್ನ ಮೇಲಿನ ಭಾರದಷ್ಟೇ ಎಳೆತ ಕೊಡುತ್ತದೆ. ಕಾರು ಮುನ್ನುಗ್ಗುವಾಗ ಹಿಂದೆ ಕುಳಿತಂತಾಗಿ ಹಿಂಗಾಲಿಯ ಭಾರ ಹೆಚ್ಚುವುದನ್ನೂ ಸೇರಿಸಿದರೆ ಗರಿಷ್ಠ ಎಳೆತ ಸುಮಾರು 940 ಕಿಲೋ. ಗಂಟೆಗೆ 36 ಕಿಲೋಮೀಟರಿನಲ್ಲಿ ಇಷ್ಟು ಎಳೆತಕ್ಕೆ 125 ಎಚ್‌ಪಿ ಸಾಕು. 100 ಕಿಲೋಮೀಟರಿನಲ್ಲಿ 345 ಎಚ್‌ಪಿ. ಐನೂರಕ್ಕೆ ಐನೂರನ್ನೂ ಆ ಟೈರುಗಳು ಅರಗಿಸಿಕೊಳ್ಳಬೇಕಾದರೆ ವೇಗ 145ರ ಹತ್ತಿರ ಬರಬೇಕು. ಅದಕ್ಕಿಂತ ಕೆಳಗೆ, ಹೊರಟ ಮೊದಲ ಸೆಕೆಂಡುಗಳಲ್ಲಂತೂ, ಕಾರಿನ ಓಟವನ್ನು ನಿರ್ಧರಿಸುವುದು ಹಿಂಗಾಲಿಯ ಹಿಡಿತವೇ. ಪೋರ್ಶೆ 911ರಲ್ಲಿ ಎಂಜಿನ್ ಹಿಂದಿನ ಆಕ್ಸಲ್ಲಿಗೂ ಹಿಂದೆ ಕೂತಿರುವುದರಿಂದ ಐದರಲ್ಲಿ ಮೂರು ಪಾಲು ಭಾರ ಹಿಂಗಾಲಿಗಳ ಮೇಲಿರುತ್ತದೆ. ತನಗಿಂತ ಹೆಚ್ಚು ಎಚ್‌ಪಿಯ ಕಾರುಗಳನ್ನು ಅದು ಹೊರಡುವ ಗೆರೆಯಲ್ಲಿ ಹಿಂದಿಕ್ಕುವುದಕ್ಕೆ ಮುಖ್ಯ ಕಾರಣ ಇದು. ಇದರ ಎದುರು ತುದಿಯಲ್ಲಿ 1992ರ ಡಾಡ್ಜ್ ವೈಪರ್ ಇದೆ. 8 ಲೀಟರಿನ ಹತ್ತು ಸಿಲಿಂಡರಿನ ಎಂಜಿನ್, 400 ಎಚ್‌ಪಿ, ಟ್ರ್ಯಾಕ್ಷನ್ ಕಂಟ್ರೋಲ್ ಇರಲಿ, ಎಬಿಎಸ್ ಕೂಡ ಇಲ್ಲ. ಅದರ ಹಿಂಗಾಲಿ ಜಾರದಂತೆ ಕಾಯುವ ಪೂರಾ ಜವಾಬ್ದಾರಿ ಚಾಲಕನ ಎರಡು ಪಾದಗಳ ಮೇಲಿತ್ತು.

ಹಾಗಾದರೆ ಕ್ಲಚ್ ಮಾಡುವುದೇನು? ಅದು ಶಕ್ತಿಯನ್ನು ಕೂಡಿಸುವುದಿಲ್ಲ, ತಿರುಚು ಬಲವನ್ನು ಹೆಚ್ಚಿಸುವುದೂ ಇಲ್ಲ. ಆ ಕೆಲಸ ಗೇರಿನದು. ಕ್ಲಚ್ ಜಾರುತ್ತಿರುವಾಗ ಅದರ ಎರಡೂ ಮಗ್ಗುಲಿನಲ್ಲಿ ತಿರುಚು ಬಲ ಒಂದೇ, ವೇಗ ಮಾತ್ರ ಬೇರೆ. ಆ ವೇಗದ ಅಂತರವಷ್ಟೂ ಬಿಸಿಯಾಗಿ ಹೋಗುತ್ತದೆ. ‘ಹಾಫ್ ಕ್ಲಚ್ಚಿನಲ್ಲಿ ಜಗ್ಗು ಜಾಸ್ತಿ’ ಎನ್ನುವವರು ಅನುಭವಿಸುವುದು ಜಗ್ಗಿನ ಹೆಚ್ಚಳವನ್ನಲ್ಲ, ಎಂಜಿನ್ ಬಂದ್ ಬೀಳದೆ ಏರಿದ ಸುತ್ತಿನಲ್ಲಿ ಓಡುತ್ತಿರುವುದನ್ನು. ಅದರ ಬೆಲೆ ಸಣ್ಣದಲ್ಲ. ನಿಂತ ಗಾಡಿಯಲ್ಲಿ ಎಂಜಿನ್ 1,500 ಸುತ್ತಿನಲ್ಲಿದ್ದು ಕ್ಲಚ್ 150 ನ್ಯೂಟನ್-ಮೀಟರ್ ಬಲದಲ್ಲಿ ಉಜ್ಜುತ್ತಿದ್ದರೆ ಅಲ್ಲಿ ಹುಟ್ಟುವ ಬಿಸಿ 23 ಕಿಲೋವ್ಯಾಟಿಗೂ ಮೇಲೆ, ಅದೂ ಹನ್ನೆರಡು ಇಂಚಿನ ಆಜುಬಾಜಿನ ಒಂದು ಪ್ಲೇಟಿನ ಮೇಲೆ, ಗಾಳಿಯಾಡದ ಡಬ್ಬದೊಳಗೆ. ಅರ್ಧ ನಿಮಿಷ ಹಾಗೆ ಹಿಡಿದರೆ ಪ್ಲೇಟಿನ ಲೈನಿಂಗ್ ಹೊಳಪಾಗಿ ಗಾಜಿನಂತಾಗುತ್ತದೆ. ಆಮೇಲೆ ಎಷ್ಟೇ ಪೂರ್ತಿ ಬಿಟ್ಟರೂ ಅದು ಹಿಡಿಯುವುದಿಲ್ಲ.

ಝಟಕಾ ಕೊಟ್ಟು ಬಿಡುವುದರ ವಿಚಾರ ಬೇರೆ. ಅಲ್ಲಿ ನಿಜವಾಗಿಯೂ ಒಂದು ಹೆಚ್ಚುವರಿ ಬಲ ಬರುತ್ತದೆ, ಆದರೆ ಅದು ಬರುವುದು ಫ್ಲೈವೀಲಿನಿಂದ. ಜೋರಾಗಿ ತಿರುಗುತ್ತಿದ್ದ ಭಾರದ ಚಕ್ರವನ್ನು ಕ್ಲಚ್ ಗಕ್ಕನೆ ಹಿಡಿದಾಗ, ಅದರಲ್ಲಿ ಕೂಡಿಟ್ಟ ಶಕ್ತಿ ಕ್ಷಣಾರ್ಧದಲ್ಲಿ ಗಾಲಿಯತ್ತ ನುಗ್ಗುತ್ತದೆ; ಆ ಹೊತ್ತಿಗೆ ಗಾಲಿಗೆ ಹೋಗುವ ಬಲ ಎಂಜಿನ್ನಿನ ಸ್ವಂತ ಬಲವನ್ನೂ ಮೀರಿ, ಕ್ಲಚ್ ತಾಳಬಲ್ಲ ಗಡಿಯವರೆಗೆ ಏರುತ್ತದೆ. ಇದರ ಗತಿ ಮೂರು ತೆರ. ಟೈರಿನ ಹಿಡಿತ ಕಡಿಮೆಯಿದ್ದರೆ ಗಾಲಿ ಸುತ್ತಿ ಶಕ್ತಿ ಮಣ್ಣು ತೋಡುವುದರಲ್ಲಿ ಮುಗಿಯುತ್ತದೆ. ಹಿಡಿತ ಹೆಚ್ಚಿದ್ದು ಗೇರು, ಆಕ್ಸಲ್ ದುರ್ಬಲವಾಗಿದ್ದರೆ ಅವು ಮುರಿಯುತ್ತವೆ. ಹಿಡಿತವೂ ಗಟ್ಟಿ, ಯಂತ್ರವೂ ಗಟ್ಟಿಯಾಗಿದ್ದರೆ ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತದೆ. ಹೂತ ಗಾಲಿಗೆ ಮರದ ದಿಮ್ಮಿ ಕಟ್ಟಿ ಕ್ಲಚ್ ಝಾಡಿಸಿ ಬಿಡುವ ಹಳ್ಳಿಯ ಉಪಾಯ ಪ್ರಾಣಕ್ಕೆ ಎರವಾಗುವುದು ಈ ಮೂರನೆಯ ದಾರಿಯಲ್ಲಿ: ಗಾಲಿ ತಿರುಗಲಾರದೆ ನಿಂತಾಗ, ಗಾಲಿಯ ಸುತ್ತ ಟ್ರ್ಯಾಕ್ಟರೇ ತಿರುಗಿ ಬೆನ್ನ ಮೇಲೆ ಬೀಳುತ್ತದೆ. ಚಾಲಕನ ಕಾಲು ಮತ್ತೆ ಕ್ಲಚ್ ಒತ್ತುವಷ್ಟು ಪುರುಸೊತ್ತು ಸಿಗುವುದಿಲ್ಲ.

ಇದು ಹಳೆಯ ಪಾಠ. ಹೆನ್ರಿ ಫೋರ್ಡ್ 1917ರಲ್ಲಿ ಹೊರತಂದ ಅಗ್ಗದ ಫೋರ್ಡ್‌ಸನ್ ಟ್ರ್ಯಾಕ್ಟರ್ ಹೀಗೆ ಹಿಂದಕ್ಕೆ ಮಗುಚುವುದಕ್ಕೆ ಕುಖ್ಯಾತವಾಗಿತ್ತು. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಎಂಜಿನ್ನಿಗೆ ಕೈ ಹಚ್ಚದೆ, ನೇಗಿಲನ್ನು ಟ್ರ್ಯಾಕ್ಟರಿಗೆ ಕಟ್ಟುವ ರೀತಿಯನ್ನು ಬದಲಿಸಿದ. ಮೂರು ಕಡ್ಡಿಗಳ ಆ ಜೋಡಣೆ, ಹೈಡ್ರಾಲಿಕ್ ಹಿಡಿತದೊಂದಿಗೆ, ನೇಗಿಲಿನ ಮೇಲೆ ಮಣ್ಣು ಹಾಕುವ ಒತ್ತಡವನ್ನೇ ಹಿಂಗಾಲಿಯ ಭಾರವಾಗಿ ಮಾರ್ಪಡಿಸಿತು. 1939ರ ಫೋರ್ಡ್-ಫರ್ಗ್ಯುಸನ್ ಟ್ರ್ಯಾಕ್ಟರ್ ಒಂದು ಟನ್ನಿನ ಆಸುಪಾಸು ತೂಗುತ್ತಿದ್ದರೂ ತನಗಿಂತ ಎಷ್ಟೋ ಭಾರದ ಯಂತ್ರಗಳ ಕೆಲಸ ಮಾಡಿದ್ದು ಈ ಜೋಡಣೆಯಿಂದ. ನೇಗಿಲು ಬಂಡೆಗೆ ಬಡಿದರೆ ಏನಾಗುತ್ತದೆ ಎಂಬುದು ಇನ್ನೂ ಸ್ವಾರಸ್ಯಕರ: ಹೈಡ್ರಾಲಿಕ್ ಭಾರವನ್ನು ತಟ್ಟನೆ ಬಿಟ್ಟುಕೊಡುತ್ತದೆ, ಹಿಂಗಾಲಿಯ ಹಿಡಿತ ತಪ್ಪುತ್ತದೆ, ಗಾಲಿ ನಿಂತಲ್ಲೇ ಸುತ್ತುತ್ತದೆ, ಟ್ರ್ಯಾಕ್ಟರ್ ಮಗುಚುವುದಿಲ್ಲ. ಅಲ್ಲಿ ಗಾಲಿ ಜಾರುವುದನ್ನು ಬೇಕೆಂದೇ ಯೋಜಿಸಲಾಗಿತ್ತು. ಇಂದು ಮ್ಯಾಸ್ಸಿ ಫರ್ಗ್ಯುಸನ್‌ನಿಂದ ಹಿಡಿದು ಪ್ರತಿಯೊಂದು ಕಂಪನಿಯ ಟ್ರ್ಯಾಕ್ಟರಿನ ಹಿಂದೆಯೂ ಕಾಣುವುದು ಅದೇ ಜೋಡಣೆಯ ಮರಿಮಕ್ಕಳು.

ಜಾರಿಕೆ ಪೂರ್ತಿ ಕೆಟ್ಟದ್ದೆಂದು ಹೇಳುವುದೂ ಇನ್ನೊಂದು ತಪ್ಪು. ರಬ್ಬರಾಗಲಿ ಮಣ್ಣಾಗಲಿ ಸ್ವಲ್ಪ ಸರಿಯದೆ ಬಲ ಕೊಡುವುದಿಲ್ಲ. ಡಾಂಬರಿನ ಮೇಲೆ ಟೈರಿನ ಹಿಡಿತ ತುತ್ತತುದಿ ಮುಟ್ಟುವುದು ಗಾಲಿಯ ವೇಗ ಗಾಡಿಯ ವೇಗಕ್ಕಿಂತ ಶೇ 10ರಿಂದ 15ರಷ್ಟು ಮುಂದಿರುವಾಗ; ಅದನ್ನು ದಾಟಿದರೆ ಹಿಡಿತ ಇಳಿಯುತ್ತದೆ. ಟ್ರ್ಯಾಕ್ಟರಿಗೂ ಗಟ್ಟಿ ನೆಲದಲ್ಲಿ ಶೇ 8ರಿಂದ 10, ಉತ್ತ ಹೊಲದಲ್ಲಿ ಅದಕ್ಕಿಂತ ತುಸು ಹೆಚ್ಚು ಜಾರಿಕೆ ಲಾಭದ್ದೇ. ಇದನ್ನು ಅಳೆಯಲು ಉಪಕರಣ ಬೇಕಿಲ್ಲ, ಟ್ರ್ಯಾಕ್ಟರ್ ಹಾದುಹೋದ ಮೇಲೆ ಬಾಗಿ ನೋಡಿದರಾಯಿತು. ಟೈರಿನ ಹಲ್ಲುಗಳ ಗುರುತು ಅಚ್ಚೊತ್ತಿದಂತೆ ಅಂಚು ಸಮೇತ ಮೂಡಿದ್ದರೆ ಭಾರ ಅಗತ್ಯಕ್ಕಿಂತ ಹೆಚ್ಚಾಗಿದೆ, ಡೀಸೆಲ್ಲು ಭಾರ ಹೊರುವುದಕ್ಕೇ ಹೋಗುತ್ತಿದೆ. ಗುರುತು ಪೂರ್ತಿ ಅಳಿಸಿ ಗಾಲಿಯ ದಾರಿ ನುಣ್ಣಗೆ ತೀಡಿದಂತಿದ್ದರೆ ಭಾರ ಸಾಲದು. ಹಲ್ಲುಗಳ ನಡುವಿನ ಮಣ್ಣು ಹಿಂದಕ್ಕೆ ಸರಿದು ಮುರಿದಿದ್ದು, ಗುರುತು ಮಾತ್ರ ಇನ್ನೂ ಕಾಣುತ್ತಿದ್ದರೆ ಸರಿಯಾದ ಹದ. ನೂರಾರು ಅಡಿ ಉದ್ದದ ಸಾಲಿನಲ್ಲಿ ಈ ಬರಹ ಬಿದ್ದುಕೊಂಡಿರುತ್ತದೆ. ಶೋರೂಮಿನ ಬಣ್ಣದ ಹಾಳೆಯನ್ನು ಓದುವಷ್ಟು ಆಸ್ಥೆಯಿಂದ ಇದನ್ನು ಓದುವವರು ಕಡಿಮೆ.

ಈಗ ಎದುರು ವಾದಗಳು.

1. ದೊಡ್ಡ ಟ್ರ್ಯಾಕ್ಟರ್ ಬಂದು ಎಳೆದದ್ದು ಸುಳ್ಳೇ? ಸುಳ್ಳಲ್ಲ. ಆದರೆ ದೊಡ್ಡ ಎಚ್‌ಪಿಯ ಟ್ರ್ಯಾಕ್ಟರ್ ಬರುವಾಗ ಎಚ್‌ಪಿಯನ್ನಷ್ಟೇ ತರುವುದಿಲ್ಲ. ಕ್ವಿಂಟಲ್‌ಗಟ್ಟಲೆ ಹೆಚ್ಚಿನ ತೂಕವನ್ನೂ ಅಗಲವಾದ, ಎತ್ತರವಾದ ಟೈರನ್ನೂ ಜೊತೆಗೆ ತರುತ್ತದೆ. ಎಳೆದದ್ದು ಅವು. ಎಚ್‌ಪಿಗೆ ಬೆಲೆ ಇಲ್ಲವೆಂದಲ್ಲ: ರೋಟಾವೇಟರಿಗೆ ಹೋಗುವ ಶಕ್ತಿ ಪಿಟಿಓ ಮೂಲಕ, ಟೈರಿನ ಹಂಗಿಲ್ಲದೆ ಹೋಗುತ್ತದೆ, ಅಲ್ಲಿ ಪ್ರತಿಯೊಂದು ಎಚ್‌ಪಿಯೂ ದುಡಿಯುತ್ತದೆ. ರಸ್ತೆಯಲ್ಲೂ ಹಾಗೆಯೇ. 20 ಟನ್ನಿನ ಕಬ್ಬಿನ ಗಾಡಿ ನೂರಕ್ಕೆ ಮೂರರ ಏರನ್ನು ಗಂಟೆಗೆ 5 ಕಿಲೋಮೀಟರಿನಲ್ಲಿ ಹತ್ತಲು 20 ಎಚ್‌ಪಿಯೊಳಗೆ ಸಾಕು, 20 ಕಿಲೋಮೀಟರಿನಲ್ಲಿ ಹತ್ತಲು ಎಪ್ಪತ್ತಕ್ಕೂ ಹೆಚ್ಚು ಬೇಕು. ಎಚ್‌ಪಿ ಕೊಡುವುದು ವೇಗವನ್ನು. ಕಾರ್ಖಾನೆಯ ಯಾರ್ಡಿಗೆ ಬೇಗ ಹೋಗಿ ಪಾಳಿ ಹಿಡಿಯಬೇಕಾದವನಿಗೆ ಅದು ದೊಡ್ಡ ಸಂಗತಿಯೇ.

2. ಡ್ರ್ಯಾಗ್ ರೇಸಿನವರು ಹೊರಡುವ ಮುನ್ನ ಟೈರ್ ಸುತ್ತಿಸಿ ಹೊಗೆ ಎಬ್ಬಿಸುವುದಿಲ್ಲವೇ? ಎಬ್ಬಿಸುತ್ತಾರೆ, ಹೊರಡುವ ಮುನ್ನ ಮಾತ್ರ. ರಬ್ಬರ್ ಬಿಸಿಯಾಗಿ ಅಂಟುಗುಣ ಬರಲಿ, ಟ್ರ್ಯಾಕಿನ ಮೇಲೊಂದು ರಬ್ಬರಿನ ಪದರ ಬೀಳಲಿ ಎಂಬುದು ಉದ್ದೇಶ. ಹೊರಟ ಮೇಲಿನ ಕತೆ ಪೂರ್ತಿ ತಿರುವುಮುರುವು. ಅಮೆರಿಕದ ಟಾಪ್ ಫ್ಯೂಯೆಲ್ ಕಾರುಗಳ ಎಂಜಿನ್ ಹನ್ನೊಂದು ಸಾವಿರ ಎಚ್‌ಪಿಯ ಆಸುಪಾಸಿನದು. ಅಂಥ ಕಾರಿನಲ್ಲಿ ಹಲವು ಪ್ಲೇಟುಗಳ ಕ್ಲಚ್ಚನ್ನು ಬೇಕೆಂದೇ ಜಾರಿಸುತ್ತ, ವೇಗ ಏರಿದಂತೆ ಹಂತಹಂತವಾಗಿ ಬಿಗಿಯುತ್ತಾರೆ. ಟೈರ್ ಜಾರದಿರಲೆಂದು ಕ್ಲಚ್ ಜಾರಬೇಕು. ಪ್ರತಿ ಓಟದ ನಂತರ ಪ್ಲೇಟುಗಳನ್ನು ಬಿಚ್ಚಿ ಬದಲಿಸುವ ಖರ್ಚನ್ನು ಅವರು ಒಪ್ಪಿಕೊಂಡದ್ದು ಇದಕ್ಕಾಗಿ. ಫಾರ್ಮುಲಾ ಒನ್‌ನಲ್ಲಿ 2008ರಿಂದ ಟ್ರ್ಯಾಕ್ಷನ್ ಕಂಟ್ರೋಲ್ ನಿಷಿದ್ಧವಾದ ಮೇಲೆ, ಹೊರಡುವಾಗ ಚಾಲಕ ಬೆರಳ ತುದಿಯ ಕ್ಲಚ್ ಪ್ಯಾಡಲನ್ನು ಎಷ್ಟು ಹದವಾಗಿ ಬಿಡುತ್ತಾನೆ ಎಂಬುದರ ಮೇಲೆ ಸ್ಥಾನಗಳು ಬದಲಾಗುತ್ತವೆ. ಇಂದಿನ ದುಬಾರಿ ಕಾರುಗಳ ಲಾಂಚ್ ಕಂಟ್ರೋಲ್ ಕೂಡ ಮಾಡುವ ಮುಖ್ಯ ಕೆಲಸ, ಟೈರು ತಾಳದ ಶಕ್ತಿಯನ್ನು ತಡೆದಿಡುವುದು.

3. ಗಾಲಿ ಸುತ್ತಿಸಿಯೇ ಎಷ್ಟೋ ಸಲ ಹೊರಬಂದಿದ್ದೇವಲ್ಲ? ಇದು ಮೂರರಲ್ಲಿ ಗಟ್ಟಿ ಆಕ್ಷೇಪ. ಒಂದೆರಡು ಸುತ್ತು ಜೋರಾಗಿ ತಿರುಗಿದರೆ ಹಲ್ಲುಗಳ ಸಂದಿಯ ಮೆತ್ತಿದ ಮಣ್ಣು ಸಿಡಿದು ಟೈರು ಮತ್ತೆ ಹಲ್ಲು ಪಡೆಯುತ್ತದೆ, ನಿಜ. ಮೇಲಿನ ಪದರ ಮಾತ್ರ ರಾಡಿಯಾಗಿದ್ದು ಕೆಳಗೆ ಗರಸು ಇದ್ದರೆ, ಸುತ್ತುವ ಗಾಲಿ ಆ ಗಟ್ಟಿ ಪದರವನ್ನು ಮುಟ್ಟಿ ಹಿಡಿತ ಕಂಡುಕೊಳ್ಳುತ್ತದೆ, ಅದೂ ನಿಜ. ಮಸಾರಿ ಹೊಲದಲ್ಲಿ ಇದು ನಡೆಯುತ್ತದೆ. ಅಡಿಗಟ್ಟಲೆ ಆಳಕ್ಕೆ ಒಂದೇ ಸಮ ಎರೆ ಇರುವ ಹೊಲದಲ್ಲಿ ಗಾಲಿ ತೋಡಿದಷ್ಟೂ ಕೆಳಗೆ ಸಿಗುವುದು ಅದೇ ಎರೆ. ಆಕ್ಸಲ್ ಮಣ್ಣಿಗೆ ತಾಗಿದ ಮೇಲೆ ಗಾಲಿಯ ಮೇಲಿನ ಭಾರವೂ ಮಣ್ಣಿನ ಮೇಲೆ ಕೂತು, ಇದ್ದ ಹಿಡಿತವೂ ಹೋಗುತ್ತದೆ.

ಎರೆಯ ಸ್ವಭಾವ ಇಲ್ಲಿ ಇನ್ನೊಂದು ನಂಬಿಕೆಯನ್ನೂ ತೂಗಿ ನೋಡುವಂತೆ ಮಾಡುತ್ತದೆ. ಹಿಡಿತ ಭಾರದಿಂದ ಬರುತ್ತದೆಂದು ತಿಳಿದ ರೈತರು ಹಿಂದಿನ ಟೈರಿನೊಳಗೆ ನೀರು ತುಂಬಿಸುತ್ತಾರೆ, ಗಾಲಿಗೆ ಎರಕದ ಕಬ್ಬಿಣದ ತೂಕ ಬಿಗಿಸುತ್ತಾರೆ. ಒಣ ನೆಲದಲ್ಲಿ ಇದು ಒಳ್ಳೆಯ ಉಪಾಯ. ಆದರೆ 1773ರಲ್ಲಿ ಫ್ರೆಂಚ್ ಎಂಜಿನಿಯರ್ ಕೂಲಂಬ್ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಒಪ್ಪಿಸಿದ ಪ್ರಬಂಧದ ಮೂಲಕ ತೋರಿಸಿಕೊಟ್ಟಂತೆ, ಮಣ್ಣಿನ ತಾಳಿಕೆಗೆ ಎರಡು ಮೂಲಗಳಿವೆ: ಕಣಗಳ ನಡುವಿನ ಅಂಟು ಮತ್ತು ಭಾರದಿಂದ ಹುಟ್ಟುವ ಘರ್ಷಣೆ. ಮರಳಿನಲ್ಲಿ ಅಂಟಿಲ್ಲ, ಎಲ್ಲವೂ ಭಾರದ ಆಟ. ತೂಕ ಹೇರಿದಷ್ಟೂ ಹಿಡಿತ. ನೀರು ಕುಡಿದು ಉಬ್ಬಿದ ಎರೆಯಲ್ಲಿ ಇದು ತಲೆಕೆಳಗು. ಅಲ್ಲಿ ಉಳಿಯುವುದು ಬಹುಪಾಲು ಅಂಟು ಮಾತ್ರ. ಹೇರಿದ ಭಾರವನ್ನು ಹೊರುವುದು ಮಣ್ಣಿನ ಸಂದುಗಳಲ್ಲಿ ಸಿಕ್ಕಿಕೊಂಡ ನೀರು, ನೀರಿಗೆ ಘರ್ಷಣೆಯಿಲ್ಲ. ಆದ್ದರಿಂದ ತೋಯ್ದ ಎರೆಯಲ್ಲಿ ಎಳೆತವನ್ನು ನಿರ್ಧರಿಸುವುದು ಟೈರು ಎಷ್ಟು ನೆಲವನ್ನು ಮುಟ್ಟಿದೆ ಎಂಬುದು. ಅಲ್ಲಿ ಇನ್ನೂ ಎರಡು ಕ್ವಿಂಟಲ್ ಕಬ್ಬಿಣ ಹೇರಿದರೆ ಗಾಲಿ ಇನ್ನಷ್ಟು ಹೂಳುತ್ತದೆ. ಟೈರಿನ ಗಾಳಿಯನ್ನು ಕಂಪನಿ ಹೇಳಿದ ಮಿತಿಯೊಳಗೆ ಇಳಿಸಿದರೆ, ಇಲ್ಲವೇ ಟೈರಿನ ಮಗ್ಗುಲಿಗೆ ಕಬ್ಬಿಣದ ಕೇಜ್ ವೀಲ್ ಜೋಡಿಸಿದರೆ, ನೆಲ ಮುಟ್ಟುವ ಜಾಗ ಹೆಚ್ಚಿ ಎಳೆತ ಹೆಚ್ಚುತ್ತದೆ. ಬೇಸಿಗೆಯಲ್ಲಿ ಬಿರುಕುಬಿಟ್ಟು ಕಲ್ಲಿನಂತಾದ ಇದೇ ಹೊಲದಲ್ಲಿ ಪಲ್ಟಿ ನೇಗಿಲು ಹೊಡೆಯುವಾಗ ತೂಕವೇ ಬೇಕು. ಒಂದೇ ಹೊಲ, ಎರಡು ಋತು, ಎರಡು ಬಗೆಯ ಯಂತ್ರಶಾಸ್ತ್ರ. ಎಚ್‌ಪಿಯ ಅಂಕಿ ಎರಡರಲ್ಲೂ ಹೊರಗೇ ಉಳಿಯುತ್ತದೆ.

ಬೆನ್ನಿಗೆ ಬೆನ್ನು ಮಾಡಿ ಸರಪಳಿ ಕಟ್ಟಿ ಎರಡು ಟ್ರ್ಯಾಕ್ಟರುಗಳನ್ನು ಜಗ್ಗಿಸುವ ಪಂದ್ಯಗಳ ವಿಡಿಯೋ ನೋಡಿ ಕಂಪನಿಗಳ ಎಂಜಿನ್ನಿಗೆ ಅಂಕ ಹಾಕುವವರು ಸರಪಳಿಯ ಓರೆಯನ್ನು ಒಮ್ಮೆ ಗಮನಿಸಬೇಕು. ಸರಪಳಿ ಒಂದು ಗಾಡಿಯ ಎತ್ತರದ ಕೊಂಡಿಯಿಂದ ಇನ್ನೊಂದರ ತಗ್ಗಿನ ಕೊಂಡಿಗೆ ಇಳಿದಿದ್ದರೆ, ಎತ್ತರದ ತುದಿಯ ಗಾಡಿಯ ಹಿಂಭಾಗ ನೆಲಕ್ಕೆ ಒತ್ತಲ್ಪಡುತ್ತದೆ, ತಗ್ಗಿನ ತುದಿಯದು ಮೇಲಕ್ಕೆ ಎತ್ತಲ್ಪಡುತ್ತದೆ. ಸರಪಳಿಯಲ್ಲಿನ ಎಳೆತ ಎರಡಕ್ಕೂ ಒಂದೇ. ಸೋಲುವುದು ಹಿಡಿತ ಮೊದಲು ತಪ್ಪಿದ್ದು. ಮೂತಿ ಎತ್ತಿ ಮಗುಚುವ ಅಪಾಯವೂ ಎತ್ತರದ ಕೊಂಡಿ ಕಟ್ಟಿದವನ ಪಾಲಿಗೇ ಹೆಚ್ಚು.

ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಟ್ರ್ಯಾಕ್ಟರ್‌ಗಳು ಈಗ ಈ ಭಾಗಕ್ಕೂ ಬಂದಿವೆ. ಅವುಗಳ ಲಾಭ ಹೊಸ ಶಕ್ತಿಯಿಂದ ಬಂದದ್ದಲ್ಲ. ಮುಂಗಾಲಿಯ ಮೇಲೆ ಸುಮ್ಮನೆ ಕೂತಿದ್ದ ಭಾರ, ಸುಮ್ಮನೆ ನೆಲ ಮುಟ್ಟಿದ್ದ ಟೈರು ಕೂಡ ದುಡಿಯತೊಡಗುತ್ತವೆ. ಪೋರ್ಶೆ ಕಂಪನಿಯೂ ಇದೇ ದಾರಿಗೆ ಬಂತು: 1975ರ ಮೊದಲ 911 ಟರ್ಬೊ ಹಿಂಗಾಲಿಯ ಕಾರು, 1995ರಲ್ಲಿ ಬಂದ 911 ಟರ್ಬೊಗೆ ನಾಲ್ಕೂ ಗಾಲಿಗೆ ಶಕ್ತಿ. ಆದರೆ ಹಿಡಿತ ಹೆಚ್ಚಿದ ಕೂಡಲೇ ಎರಡು ಜಾರುವ ಜಾಗಗಳ ತಕ್ಕಡಿ ಕ್ಲಚ್ಚಿನತ್ತ ವಾಲುತ್ತದೆ. ಮೊದಲು ಅತಿಯಾದಾಗ ಗಾಲಿ ಸುತ್ತಿ ಕ್ಲಚ್ಚನ್ನು ಉಳಿಸುತ್ತಿತ್ತು. ಈಗ ಗಾಲಿ ಬಿಡುವುದಿಲ್ಲ, ಅದೇ ಒರಟು ಕಾಲಿಗೆ ಪ್ಲೇಟೇ ಉಜ್ಜಿಕೊಳ್ಳಬೇಕು. ಹಿಂದಿನ ಗಾಡಿಯಲ್ಲಿ ಹಂಗಾಮುಗಟ್ಟಲೆ ಬಾಳಿದ ಪ್ಲೇಟು ಹೊಸ ಗಾಡಿಯಲ್ಲಿ ಬೇಗ ಸವೆದರೆ ಕಂಪನಿಯ ಮಾಲು ಕಳಪೆಯೆಂದು ಬೈಯುವ ಮುನ್ನ, ಹೊಲದಿಂದ ತುಂಬಿದ ಡಬ್ಬಿ ಹೊರತರುವಾಗ ಚಾಲಕನ ಎಡಗಾಲು ಪೆಡಲಿನ ಮೇಲೆ ಎಷ್ಟು ಹೊತ್ತು ಇರುತ್ತದೆಂದು ನೋಡುವುದು ಲೇಸು.